ಕ್ಲಿಫರ್ಡ್ ಸಗ್ಡನ್ ಹೇಳಿದ ‘ರೈಟ್’

ಯಾರ್ಕ್‌ಷೈರಿನ ಥಾರ್ನ್‌ಬೆಕ್ ಎಂಬ ಊರಿನ ಕ್ಲಿಫರ್ಡ್ ಸಗ್ಡನ್ ಅರವತ್ತಾರು ವರ್ಷದ ತನ್ನ ಆಯುಸ್ಸಿನಲ್ಲಿ ಯಾರಿಗೂ ಕೆಡುಕು ಮಾಡಿದವನಲ್ಲ. ಮೂವತ್ತೆಂಟು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದ. ಪ್ರತಿ ನಿಲ್ದಾಣದಲ್ಲೂ ಹಸಿರು ಬಾವುಟ ಬೀಸಿ “ರೈಟ್!” ಎಂದು ಕೂಗಿ ಕೂಗಿ, ನಿವೃತ್ತನಾಗುವ ಹೊತ್ತಿಗೆ ಅವನ ಬಾಯಲ್ಲಿ ಹೆಚ್ಚುಕಮ್ಮಿ ಅದೊಂದೇ ಮಾತು ಉಳಿದಿತ್ತು. ಬೇರೆ ಮಾತು ಬರುತ್ತಿರಲಿಲ್ಲ ಎಂದಲ್ಲ, ಬೇಕಾಗುತ್ತಿರಲಿಲ್ಲ.

ಆ ಒಂದು ಮಾತಿನಲ್ಲೇ ಅವನು ಸಂಸಾರ ಮಾಡಿದ, ವ್ಯವಹಾರ ಮಾಡಿದ, ಜಗಳವನ್ನೂ ಮಾಡಿದ. ತುಂಡಾಗಿ ಕತ್ತರಿಸಿ ‘ರೈಟ್’ ಎಂದರೆ ‘ಕೇಳಿಸಿತು’ ಎಂದರ್ಥ. ಬಾಲ ಎಳೆದು ‘ರೈ...ಟ್’ ಎಂದರೆ ‘ನೀನು ಬಿಡುತ್ತಿರುವುದು ಬುರುಡೆ ಎಂದು ಗೊತ್ತು, ಆದರೂ ಮುಂದುವರಿಸು’ ಎಂದರ್ಥ. ‘ರೈಟ್ ಚಳಿ’ ಎಂದರೆ ಎಲುಬು ಕೊರೆಯುವ ಚಳಿ. ಪಕ್ಕದ ಮನೆಯ ಹೊರೇಸ್ ಪಿಕಲ್ಸ್‌ನ ಹೆಂಡತಿ ತೀರಿಕೊಂಡಾಗ ಪಾದ್ರಿಗಳು ಅರ್ಧ ಗಂಟೆ ಸಾಂತ್ವನ ಹೇಳಿ ಹೋದರು. ಆಮೇಲೆ ಕ್ಲಿಫರ್ಡ್ ಬಂದ, ಟೋಪಿ ತೆಗೆದ, ಪಿಕಲ್ಸ್‌ನ ಹೆಗಲ ಮೇಲೆ ಕೈಯಿಟ್ಟ, ತಗ್ಗಿದ ದನಿಯಲ್ಲಿ “ರೈಟ್” ಎಂದ. ಆಗಲೇ ಪಿಕಲ್ಸ್‌ಗೆ ಅಳು ಬಂದದ್ದು. ಪದಕೋಶ ಬರೆಯುವ ಪಂಡಿತರು ಯಾರಾದರೂ ಆ ಊರಿನಲ್ಲಿ ಒಂದು ಚಳಿಗಾಲ ಕಳೆದಿದ್ದರೆ, ಆ ಪದಕ್ಕೆಂದೇ ಬೇರೆ ಸಂಪುಟ ತೆಗೆಯಬೇಕಾಗುತ್ತಿತ್ತು.

ಊರ ಹಿಂದಿನ ಇಳಿಜಾರಿನಲ್ಲಿ ಪೌರಸಭೆಗೆ ಸೇರಿದ ಜಾಗವೊಂದಿತ್ತು. ಅದನ್ನು ನಲವತ್ತೆರಡು ತುಂಡು ಮಾಡಿ ಊರಿನವರಿಗೆ ತರಕಾರಿ ಬೆಳೆಯಲು ಕೊಟ್ಟಿದ್ದರು. ಜಾಗ ಪೌರಸಭೆಯದು, ಬೆವರು ಊರಿನವರದು. ಒಬ್ಬೊಬ್ಬರ ತುಂಡಿನಲ್ಲೂ ಒಂದು ತಗಡಿನ ಗೂಡು, ಗೂಡಿನಲ್ಲಿ ಒಂದು ಮುರುಕು ಕುರ್ಚಿ, ಕುರ್ಚಿಯಲ್ಲಿ ಮನೆಯಿಂದ ತಪ್ಪಿಸಿಕೊಂಡು ಬಂದ ಒಬ್ಬ ಗಂಡ. ಆ ತೋಟಗಾರರ ಸಂಘಕ್ಕೆ ಕ್ಲಿಫರ್ಡ್ ಕಾರ್ಯದರ್ಶಿ. ಹನ್ನೊಂದು ವರ್ಷದ ಹಿಂದೆ “ನೀನು ಕಾರ್ಯದರ್ಶಿ ಆಗ್ತೀಯೇನಪ್ಪಾ?” ಎಂದು ಯಾರೋ ಕೇಳಿದಾಗ ಅವನು “ರೈಟ್” ಎಂದಿದ್ದ. ಅವತ್ತು ಅದರ ಅರ್ಥ ‘ಯೋಚಿಸಿ ಹೇಳುತ್ತೇನೆ’ ಎಂದಾಗಿತ್ತು. ಅಷ್ಟರಲ್ಲಿ ಚಪ್ಪಾಳೆ ಬಿದ್ದುಹೋಗಿತ್ತು.

ಹೀಗಿರುವಾಗ ಪೌರಸಭೆಗೆ ಇಂಗ್ಲೆಂಡಿನ ದಕ್ಷಿಣದಿಂದ ಒಬ್ಬ ಹೊಸ ಯೋಜನಾಧಿಕಾರಿ ಬಂದರು. ಹೆಸರು ಲಯೋನೆಲ್ ಫ್ಯಾನ್‌ಶಾ. ಒಳ್ಳೆಯ ಮನುಷ್ಯ, ಕಂಕುಳಲ್ಲಿ ಯಾವಾಗಲೂ ಸುರುಳಿ ಸುತ್ತಿದ ನಕ್ಷೆ. ಊರಿಗೆ ಬಂದು ಮೂರು ತಿಂಗಳಾಗಿತ್ತು. ಜನ ಆಡುವ ಮಾತಿನಲ್ಲಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಮುಗುಳ್ನಕ್ಕು ಹೊಂದಿಸುತ್ತಿದ್ದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ಆ ನಕ್ಷೆಯ ಸಮೇತ ಕ್ಲಿಫರ್ಡನ ಮನೆಯ ಬಾಗಿಲು ತಟ್ಟಿದರು.

ತೋಟಗಳಿರುವ ಜಾಗದಲ್ಲಿ ಕಾರು ನಿಲ್ಲಿಸುವ ಮೈದಾನ ಮಾಡಬೇಕೆಂಬುದು ಅವರ ಯೋಜನೆ. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದರು. ಕ್ಲಿಫರ್ಡ್ ಚಹಾ ಕೊಟ್ಟ. ಫ್ಯಾನ್‌ಶಾ ಸಾಹೇಬರು ವಿವರಿಸಿದರು. ಕ್ಲಿಫರ್ಡ್ ಮತ್ತೆ ಚಹಾ ಮಾಡಿದ, ತಂಗಿ ಮೇವಿಸ್ ಮಾಡಿಟ್ಟಿದ್ದ ಶುಂಠಿ ಕೇಕು ಕತ್ತರಿಸಿ ಇಟ್ಟ. ಸಾಹೇಬರು ಕೇಕನ್ನು ಹೊಗಳಿದರು, ಇನ್ನೊಂದು ಚೂರು ತಿಂದರು, ಚರಂಡಿ ವ್ಯವಸ್ಥೆಯ ಬಗ್ಗೆ ವಿವರಿಸಿದರು. ಮೂರನೆಯ ಸಲ ಚಹಾ ಆಯಿತು. ಕೇಕು ಮುಗಿಯಿತು. ವಿವರಣೆ ಮುಗಿಯಲಿಲ್ಲ.

ಇದನ್ನು ಸಂಘದ ಮುಂದಿಡಬೇಕು ಎಂದು ಮೊದಲ ಹತ್ತು ನಿಮಿಷದಲ್ಲೇ ಕ್ಲಿಫರ್ಡ್ ಮನಸ್ಸಿನಲ್ಲಿ ತೀರ್ಮಾನಿಸಿದ್ದ. ಆಮೇಲೆ ಅವನ ಕಿವಿ ಕೆಲಸ ನಿಲ್ಲಿಸಿತ್ತು. ಕಣ್ಣು ಮಾತ್ರ ಕಿಟಕಿಯ ಕಡೆಗಿತ್ತು. ಆಕಾಶ ತಿಳಿಯಾಗುತ್ತಿತ್ತು, ಅಂದರೆ ಸಂಜೆಗೆ ನೆಲ ಹೆಪ್ಪುಗಟ್ಟುವುದು ಖಂಡಿತ. ತೋಟದಲ್ಲಿ ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯ ಎಳೆ ಸಸಿಗಳು ಬರಿಮೈಯಲ್ಲಿ ನಿಂತಿವೆ. ಹೋಗಿ ಗೋಣಿ ಹೊದಿಸದಿದ್ದರೆ ಈ ವರ್ಷದ ತರಕಾರಿ ಪ್ರದರ್ಶನದ ಬಹುಮಾನ ಪಿಕಲ್ಸ್‌ನ ಪಾಲು.

“...ಒಟ್ಟಿನಲ್ಲಿ ಸಗ್ಡನ್ ಅವರೇ,” ಎಂದರು ಫ್ಯಾನ್‌ಶಾ ಸಾಹೇಬರು, “ಈ ಜಾಗ ನೀವು ಬಿಟ್ಟುಕೊಟ್ರೆ ಊರಾಚೆ ಹಳೇ ಕ್ವಾರಿ ಪಕ್ಕದಲ್ಲಿ ಬೇರೆ ಜಾಗ ಕೊಡ್ತೀವಿ. ಏನಂತೀರಿ?”

ಕ್ಲಿಫರ್ಡ್ ಎರಡೂ ಅಂಗೈಗಳಿಂದ ಎರಡೂ ಮೊಣಕಾಲುಗಳನ್ನು ತಟ್ಟಿ ಹೇಳಿದ: “ರೈಟ್!”

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ‘ಎದ್ದು ಹೋಗಿ’ ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ಹೇಳುವುದು ಮಹಾ ಅಪಚಾರ. ಬದಲಿಗೆ ಆತಿಥೇಯ ಮೊಣಕಾಲು ತಟ್ಟಿ ‘ರೈಟ್’ ಎನ್ನುತ್ತಾನೆ. ಅತಿಥಿ ತನಗೇ ಏನೋ ನೆನಪಾದವನಂತೆ ಎದ್ದು ಕೋಟು ಹುಡುಕುತ್ತಾನೆ. ಅತಿಥಿಗೆ ಹೊರಡಬೇಕೆನಿಸಿದರೆ ಅವನೂ ಹಾಗೆಯೇ ತಟ್ಟುತ್ತಾನೆ. ಯಾರು ಯಾರನ್ನು ಕಳಿಸಿದರು ಎಂಬುದು ದೇವರಿಗೂ ತಿಳಿಯುವುದಿಲ್ಲ. ಇಷ್ಟು ನಯವಾದ ವ್ಯವಸ್ಥೆಯನ್ನು ದೊಡ್ಡ ದೊಡ್ಡ ರಾಯಭಾರಿಗಳು ಕೂಡ ಕಂಡುಹಿಡಿದಿಲ್ಲ.

ಫ್ಯಾನ್‌ಶಾ ಸಾಹೇಬರ ಮುಖ ಅರಳಿತು. ಥಟ್ಟನೆ ಎದ್ದು ಕೈ ಕುಲುಕಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು, ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟರು. ‘ದಕ್ಷಿಣದವರು ದಡ್ಡರು ಅಂತಾರೆ. ಒಂದೇ ಸಲಕ್ಕೆ ಹೇಗೆ ಅರ್ಥ ಮಾಡಿಕೊಂಡ ನೋಡು!’ ಎಂದು ಮೆಚ್ಚಿಕೊಳ್ಳುತ್ತ ಕ್ಲಿಫರ್ಡ್ ಗೋಣಿ ಹಿಡಿದು ತೋಟಕ್ಕೆ ಓಡಿದ.

ಮುಂದಿನ ಶುಕ್ರವಾರ ತೋಟದ ಗೇಟಿನ ಮೇಲೆ ಒಂದು ನೋಟೀಸು ಅಂಟಿತ್ತು: ‘ಸಂಘದ ಕಾರ್ಯದರ್ಶಿ ಶ್ರೀ ಸಿ. ಸಗ್ಡನ್ ಅವರು ಸಂಪೂರ್ಣ ಸಮ್ಮತಿ ಸೂಚಿಸಿರುವುದರಿಂದ...’ ಮುಂದಿನದನ್ನು ಯಾರೂ ಓದಲಿಲ್ಲ.

ಪಿಕಲ್ಸ್ ನೋಟೀಸನ್ನೇ ಕಿತ್ತುಕೊಂಡು ಬಂದು ಕ್ಲಿಫರ್ಡನ ಬಾಗಿಲಲ್ಲಿ ನಿಂತ. “ಏನೋ ಇದು, ಕ್ಲಿಫ್? ಸಮ್ಮತಿ ಕೊಟ್ಟಿದ್ದೀಯಂತೆ! ಸಂಪೂರ್ಣ ಬೇರೆ! ಅರೆಬರೆ ಕೊಟ್ಟಿದ್ರೂ ಸಹಿಸ್ಕೋತಿದ್ದೆ!”

“ನಾನೇನೂ ಕೊಟ್ಟಿಲ್ಲ ಮಾರಾಯ. ರೈಟ್ ಅಂದೆ, ಅಷ್ಟೇ.”

“ಯಾವ ರೈಟ್?”

ಕ್ಲಿಫರ್ಡ್ “ಅದನ್ನ ಹೇಳೋಕಾಗಲ್ಲ,” ಎಂದ.

“ಇಪ್ಪತ್ತೇಳು ವರ್ಷ ಆಯ್ತು ಕಣೋ ನಾನು ಆ ಮಣ್ಣಿಗೆ ಗೊಬ್ಬರ ಹೊತ್ತು! ನನ್ನ ಹೆಂಡತಿ ಹಾಕಿದ ರೂಬಾರ್ಬ್ ಗಿಡ ಇದೆ ಅಲ್ಲಿ! ಅದರ ಮೇಲೆ ಯಾವನೋ ಬಂದು ಕಾರು ನಿಲ್ಲಿಸ್ತಾನೆ, ಇವನಿಗೆ ಹೇಳೋಕಾಗಲ್ವಂತೆ!” ಪಿಕಲ್ಸ್ ಕ್ಲಿಫರ್ಡನ ಮನೆಯ ಗೇಟನ್ನು ಎಷ್ಟು ಜೋರಾಗಿ ಹಾಕಿಕೊಂಡು ಹೋದನೆಂದರೆ ಅದು ಮುಚ್ಚುವ ಬದಲು ಕಳಚಿ ಬಿತ್ತು.

ಅಂದಿನಿಂದ ಕ್ಲಿಫರ್ಡನಿಗೆ ಊರಿನಲ್ಲಿ ಶನಿಕಾಟ. ಬೇಕರಿಯವನು ನಿನ್ನೆಯ ಬ್ರೆಡ್ಡು ಕೊಟ್ಟು ಇವತ್ತಿನ ಮುಖ ಗಂಟಿಕ್ಕಿದ. ಕ್ಷೌರದವನು ಎಡಗಡೆ ಕತ್ತರಿಸಿ, “ಬಲಗಡೆದು ಪೌರಸಭೆಯೋರ ಹತ್ರ ಮಾಡಿಸ್ಕೋ,” ಎಂದು ಬಟ್ಟೆ ಕೊಡವಿದ. ಪಬ್ಬಿನಲ್ಲಿ ಅವನು ಕೂತ ಬೆಂಚಿನಿಂದ ಜನ ಒಬ್ಬೊಬ್ಬರಾಗಿ ಎದ್ದುಹೋಗಿ, ಬೆಂಚೇ ಒಂದು ಕಡೆ ವಾಲಿ ಅವನು ಕೆಳಗೆ ಬಿದ್ದ. ನಿವೃತ್ತ ಶಿಕ್ಷಕಿ ಮಿಸ್ ಲಂಬ್, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ರಸ್ತೆಯ ಆಚೆಯಿಂದಲೇ ಕೊಡೆ ಎತ್ತಿ, “ಕ್ಲಿಫರ್ಡ್, ಎರಡನೇ ತರಗತಿಯಲ್ಲಿ ನಿನ್ನ ಪಾಸು ಮಾಡಿದ್ದೇ ನನ್ನ ತಪ್ಪು!” ಎಂದು ಘೋಷಿಸಿದರು.

ಒಂದು ಭಾನುವಾರ ಅವನ ತಂಗಿ ಮೇವಿಸ್ ಬಂದಳು. ಅವಳದು ಮಾತೆಂದರೆ ನೇರ ಮಾತು. ಕೋಟು ಕೂಡ ಬಿಚ್ಚದೆ ಅಣ್ಣನ ಎದುರು ಕೂತಳು.

“ನನ್ನ ಮುಖ ನೋಡು. ಅದು ಯಾವ ರೈಟ್?”

ಕ್ಲಿಫರ್ಡ್ ಗೋಡೆ ನೋಡಿದ. “ಮೊಣಕಾಲಿನದು,” ಎಂದ ಮೆಲ್ಲಗೆ.

“ಅಯ್ಯೋ ನಿನ್ನ! ಅಷ್ಟೇನಾ? ಹೋಗಿ ಊರೋರಿಗೆ ಹೇಳು ಮತ್ತೆ!”

“ಹೇಗೆ ಹೇಳಲಿ ಮೇವಿಸ್? ನಾನು ಹೇಳಿದ್ರೆ ನಾಳೆ ಫ್ಯಾನ್‌ಶಾ ಸಾಹೇಬರ ಕಿವಿಗೂ ಬೀಳುತ್ತೆ. ಮನೆಗೆ ಬಂದ ಮನುಷ್ಯನ್ನ ಎಬ್ಬಿಸಿ ಕಳಿಸ್ದೆ ಅಂತ ಆಗಲ್ವಾ? ಪಾಪ, ನಿನ್ನ ಕೇಕನ್ನ ಅದೆಷ್ಟು ಹೊಗಳಿದ್ರು ಗೊತ್ತಾ?”

ಮೇವಿಸ್ ಗಟ್ಟಿಯಾಗಿ ಬೈಯಬೇಕೆಂದು ಉಸಿರೆಳೆದುಕೊಂಡಳು. ಆದರೆ ಬೈಗುಳ ಹೊರಬರಲಿಲ್ಲ. ಅವಳೂ ಅದೇ ಮನೆಯಲ್ಲಿ ಹುಟ್ಟಿದವಳು. ತಾನಾಗಿದ್ದರೂ ಹೇಳುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. “ನಿಜವಾಗ್ಲೂ ಹೊಗಳಿದ್ರಾ?” ಎಂದು ಮಾತ್ರ ಕೇಳಿದಳು.

ಅಲ್ಲಿಂದ ಅವಳು ನೇರ ಪಿಕಲ್ಸ್‌ನ ಮನೆಗೆ ಹೋದಳು. “ನಮ್ಮಣ್ಣ ಒಪ್ಪಿಗೆ ಕೊಟ್ಟಿಲ್ಲ. ಅವನು ಹೇಳಿದ್ದು ಬೇರೆ ರೈಟ್. ಯಾವುದು ಅಂತ ಕೇಳಬೇಡ, ಮರ್ಯಾದೆ ವಿಷಯ,” ಎಂದಳು. ಮೇವಿಸ್ ಸುಳ್ಳು ಹೇಳುವವಳಲ್ಲ. ಪಿಕಲ್ಸ್ ನಾಚಿ, ಅಂದು ಸಂಜೆಯೇ ಬಂದು ಗೇಟಿಗೆ ಹೊಸ ಕೀಲು ಹಾಕಿಕೊಟ್ಟ. ಸುದ್ದಿ ಊರೆಲ್ಲ ಹರಡಿತು. ಬೇಕರಿಯಲ್ಲಿ ಬಿಸಿ ಬ್ರೆಡ್ಡು ಬಂತು, ತಲೆಯ ಬಲಭಾಗಕ್ಕೂ ಕತ್ತರಿ ಬಿತ್ತು. ಜೊತೆಗೇ ಒಂದು ಹೊಸ ಅಪಾಯವೂ ಹುಟ್ಟಿತು: ಊರಿಗೆ ಊರೇ ಕ್ಲಿಫರ್ಡನಿಗೆ ಸಹಾಯ ಮಾಡಲು ಹೊರಟಿತು.

ತೋಟದ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ವಿಚಾರಣೆ ನಡೆಸಲು ಲಂಡನ್ನಿನಿಂದ ಮೇಜರ್ ಕಾರ್ಸ್‌ವೆಲ್ ಎಂಬ ತನಿಖಾಧಿಕಾರಿ ಬಂದರು. ಹಳೆಯ ಸೈನಿಕ, ಬಿಳಿ ಮೀಸೆ, ನೆಟ್ಟಗಿನ ಬೆನ್ನು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪುರಭವನದಲ್ಲಿ ನೂರೆಂಬತ್ತು ಜನ ಸೇರಿದರು.

ಫ್ಯಾನ್‌ಶಾ ಸಾಹೇಬರು ಮೊದಲು ಸಾಕ್ಷಿ ಹೇಳಿದರು. ಉಪ್ಪುಖಾರ ಹಚ್ಚದೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. “ಏನಂತೀರಿ ಅಂತ ಕೇಳಿದೆ. ರೈಟ್ ಅಂದ್ರು. ಬಹಳ ಉತ್ಸಾಹದಿಂದ ಅಂದ್ರು. ಕೇಕು ಬಹಳ ಚೆನ್ನಾಗಿತ್ತು.” ಮೇವಿಸ್ ಮೂರನೆಯ ಸಾಲಿನಲ್ಲಿ ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡವಳಂತೆ ಕುತ್ತಿಗೆ ನೇರ ಮಾಡಿಕೊಂಡಳು.

ನಂತರ ಪಿಕಲ್ಸ್ ಎದ್ದ. “ಸಾಹೇಬ್ರೇ, ವಿಷಯ ಬಹಳ ಸುಲಭ. ರೈಟ್ ಅಂದ್ರೆ ಬಲಗಡೆ. ಕ್ಲಿಫ್‌ನ ಮನೇಲಿ ಬಾಗಿಲು ಬಲಗಡೆ ಇದೆ. ಈ ಯಜಮಾನ್ರು ಎಡಗಡೆ ಬೀರು ಕಡೆ ಹೊರಟಿದ್ರು. ದಾರಿ ತೋರಿಸಿದ್ದು ತಪ್ಪಾ?”

ಮೇಜರ್ ಬರೆದುಕೊಂಡರು.

ಮಿಸ್ ಲಂಬ್ ಒಂದು ದಪ್ಪ ನಿಘಂಟನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟರು. “ಪಿಕಲ್ಸ್ ಮೊದಲಿಂದಲೂ ದಡ್ಡ, ಅವನ ಮಾತು ಬಿಡಿ. ರೈಟ್ ಅಂದ್ರೆ ಹಕ್ಕು. ‘ಏನಂತೀರಿ’ ಅಂತ ಕೇಳಿದಾಗ, ‘ಈ ನೆಲ ನಮ್ಮ ಹಕ್ಕು’ ಅಂತ ಈ ಹುಡುಗ ಎದೆ ತಟ್ಟಿ ಹೇಳಿದ್ದಾನೆ. ಇದರಲ್ಲಿ ಹದಿನಾಲ್ಕು ಪುಟ ಇದೆ, ಓದ್ತೀನಿ, ಕೇಳಿ.” ಅರವತ್ತಾರು ವರ್ಷದ ಹುಡುಗ ತಲೆ ತಗ್ಗಿಸಿ ಕೂತಿದ್ದ. ಮಿಸ್ ಲಂಬ್ ಓದತೊಡಗಿದರು. ಒಂಬತ್ತನೆಯ ಪುಟದಲ್ಲಿ ‘ಲಂಬಕೋನ’ ಎಂಬ ಅರ್ಥ ಬಂದಾಗ ಮೇಜರ್ ಕೈ ಮುಗಿಯುವುದೊಂದು ಬಾಕಿ.

ಮಾಂಸದಂಗಡಿಯವನು ಸುಮ್ಮನಿರಲಾರದೆ ಹಿಂದಿನಿಂದ ಕೂಗಿದ: “ಅದ್ಯಾವುದೂ ಅಲ್ಲ ಸಾರ್! ಅವತ್ತು ಸಂಜೆ ನೆಲ ಹೆಪ್ಪುಗಟ್ಟಿತ್ತು. ಕ್ಲಿಫ್ ‘ರೈಟ್ ಚಳಿ’ ಅಂತ ಹೇಳೋಕೆ ಹೊರಟಿದ್ದ. ‘ರೈಟ್’ ಅನ್ನೋಷ್ಟರಲ್ಲಿ ಈ ಯಜಮಾನ್ರು ಕೈ ಕುಲುಕಿಬಿಟ್ರು. ಚಳಿ ಬಾಯಲ್ಲೇ ಉಳೀತು!”

ಸಭೆಯಲ್ಲಿ ಗುಲ್ಲೆದ್ದಿತು. ಬಲಗಡೆಯವರು ಹಕ್ಕಿನವರನ್ನು ಬೈದರು, ಹಕ್ಕಿನವರು ಚಳಿಯವರ ಮೇಲೆ ಹರಿಹಾಯ್ದರು. ಮೇಜರ್ ಮೇಜು ಕುಟ್ಟಿ, “ಸ್ನೇಹಿತರೇ, ನೀವು ಹೇಳೋದು ಒಂದಕ್ಕೊಂದು ತಾಳೆ ಆಗ್ತಿಲ್ಲ. ಹೀಗಾದ್ರೆ ಇದೆಲ್ಲ ಕಟ್ಟುಕತೆ ಅಂತ ಬರೀಬೇಕಾಗುತ್ತೆ. ಹೇಳಿದವರನ್ನೇ ಕೇಳೋಣ. ಸಗ್ಡನ್ ಅವರೇ, ಬನ್ನಿ,” ಎಂದರು.

ಕ್ಲಿಫರ್ಡ್ ಎದ್ದು ನಿಂತ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಎದುರಿಗೇ ಫ್ಯಾನ್‌ಶಾ ಸಾಹೇಬರು ಕೂತು ಸ್ನೇಹದಿಂದ ನಗುತ್ತಿದ್ದರು. ಅದೇ ದೊಡ್ಡ ತೊಂದರೆಯಾಯಿತು. ಅವರು ಗಂಟುಮೋರೆ ಹಾಕಿಕೊಂಡಿದ್ದರೆ ನಿಜ ಹೇಳಿಬಿಡಬಹುದಿತ್ತೋ ಏನೋ.

“ನೀವು ರೈಟ್ ಅಂದಿದ್ದು ನಿಜವಾ?”

“ನಿಜ ಸಾರ್.”

“ಯಾವ ಅರ್ಥದಲ್ಲಿ?”

ಕ್ಲಿಫರ್ಡ್ ಮೇವಿಸ್‌ಳನ್ನು ನೋಡಿದ, ಪಿಕಲ್ಸ್‌ನನ್ನು ನೋಡಿದ. ಪಿಕಲ್ಸ್‌ನ ಮಡಿಲಲ್ಲಿ ಕಾಗದದಲ್ಲಿ ಸುತ್ತಿದ ರೂಬಾರ್ಬ್ ಗೆಡ್ಡೆಯಿತ್ತು, ತೋಟ ಹೋಗುವುದಾದರೆ ಇದೊಂದಾದರೂ ಉಳಿಯಲಿ ಎಂದು ಅಗೆದು ತಂದಿದ್ದ. ಕ್ಲಿಫರ್ಡ್ ಟೋಪಿಯನ್ನು ಮೇಜಿನ ಮೇಲಿಟ್ಟ.

“ಅರ್ಥ ಹೇಳೋಕಾಗಲ್ಲ ಸಾರ್. ಆದ್ರೆ ಒಪ್ಪಿಗೆ ಅಲ್ಲ. ಫ್ಯಾನ್‌ಶಾ ಸಾಹೇಬರದ್ದೇನೂ ತಪ್ಪಿಲ್ಲ. ಸರಿಯಾಗಿ ಮಾತಾಡದೇ ಇದ್ದದ್ದು ನನ್ನ ತಪ್ಪು. ಶಿಕ್ಷೆ ಏನಿದ್ರೂ ನನಗೆ ಕೊಡಿ, ತೋಟಕ್ಕೆ ಬೇಡ.”

ಅರವತ್ತಾರು ವರ್ಷದಲ್ಲಿ ಕ್ಲಿಫರ್ಡ್ ಅಷ್ಟು ಉದ್ದದ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಮೇಜರ್ ತಲೆಯಾಡಿಸಿದರು. ಅವರಿಗೆ ಮನಸ್ಸಿನಲ್ಲಿ ಮರುಕವಿತ್ತು, ಆದರೆ ಮರುಕವನ್ನು ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ. ಗಂಟೆ ಒಂದೂವರೆಯಾಗಿತ್ತು. ಹೊಟ್ಟೆ ಬೇರೆ ಹಸಿದಿತ್ತು. ಕಾಗದಗಳನ್ನು ಒಟ್ಟುಮಾಡಿ, ಮುಂದಿನ ವಿಷಯಕ್ಕೆ ಹೋಗೋಣವೆಂದು ಎರಡೂ ಅಂಗೈಗಳಿಂದ ಮೊಣಕಾಲು ತಟ್ಟಿ ಅವರೆಂದರು:

“ರೈಟ್.”

ನೂರೆಂಬತ್ತು ಜನ ಒಟ್ಟಿಗೆ ಎದ್ದು ನಿಂತರು.

ಕುರ್ಚಿಗಳು ಕಿರ್ರೆಂದವು. ಕೋಟಿನ ತೋಳುಗಳಲ್ಲಿ ಕೈಗಳು ತೂರಿದವು. ಮಿಸ್ ಲಂಬ್ ನಿಘಂಟನ್ನು ಚೀಲಕ್ಕೆ ಹಾಕಿದರು. ಸಭೆಗೆ ಚಹಾ ಮಾಡಲು ಬಂದಿದ್ದ ಹೆಂಗಸರು ಕಪ್ಪು ಬಸಿ ಆರಿಸತೊಡಗಿದರು. ಮಾಂಸದಂಗಡಿಯವನು ಆಗಲೇ ಬಾಗಿಲ ಹತ್ತಿರ, “ಬರ್ತೀವಿ ಸಾರ್, ಚೆನ್ನಾಗಿತ್ತು,” ಎನ್ನುತ್ತಿದ್ದ.

“ಏನಾಯ್ತು?” ಮೇಜರ್ ಗಾಬರಿಯಿಂದ ಸುತ್ತ ನೋಡಿದರು. “ಎಲ್ಲಾದ್ರೂ ಬೆಂಕಿ ಬಿತ್ತಾ? ಎಲ್ಲಿಗೆ ಹೊರಟ್ರಿ ಎಲ್ಲಾ?”

“ನೀವೇ ಹೇಳಿದ್ರಲ್ಲ ಸಾಹೇಬ್ರೇ, ಹೊರಡಿ ಅಂತ,” ಎಂದ ಪಿಕಲ್ಸ್, ಒಂದು ತೋಳು ಕೋಟಿನಲ್ಲಿ, ಇನ್ನೊಂದು ಹೊರಗೆ.

“ನಾನೆಲ್ಲಿ ಹೇಳ್ದೆ? ನಾನು ಬರೀ ರೈಟ್ ಅಂದೆ!”

“ಹೌದಲ್ವಾ, ಅದನ್ನೇ...”

ಪಿಕಲ್ಸ್‌ನ ಮಾತು ಅಲ್ಲಿಗೇ ನಿಂತಿತು. ಅವನ ಬಾಯಿ ತೆರೆದೇ ಇತ್ತು. ನಿಧಾನವಾಗಿ ಅವನು ಕ್ಲಿಫರ್ಡನ ಕಡೆ ತಿರುಗಿದ. ಮಿಸ್ ಲಂಬ್ ತಿರುಗಿದರು. ಸಭೆಗೆ ಸಭೆಯೇ ತಿರುಗಿತು. ಕ್ಲಿಫರ್ಡನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು.

ಮೇಜರ್ ಬಿಟ್ಟರೆ ಭವನದಲ್ಲಿ ಏಳದೆ ಕೂತಿದ್ದ ಮನುಷ್ಯ ಒಬ್ಬನೇ, ಫ್ಯಾನ್‌ಶಾ ಸಾಹೇಬರು. ಅವರು ನಿಂತ ನೂರೆಂಬತ್ತು ಜನರನ್ನೂ ಅವರ ಕೋಟುಗಳನ್ನೂ ನೋಡಿದರು. ಮೇಜರ್ ಅವರ ಮೊಣಕಾಲ ಮೇಲಿದ್ದ ಕೈಗಳನ್ನು ನೋಡಿದರು. ಅವರ ಕಿವಿಯ ತುದಿ ಮೊದಲು ಕೆಂಪಾಗಿ, ಆ ಕೆಂಪು ಕೆಳಕ್ಕಿಳಿಯಿತು.

“ಸಗ್ಡನ್ ಅವರೇ, ಅವತ್ತು ನಿಮ್ಮ ಕೈ ಎಲ್ಲಿದ್ವು?”

“...ಮೊಣಕಾಲ ಮೇಲೆ.”

“ಎರಡೂನಾ?”

“ಎರಡೂ.”

“ನಾನು ನಿಮ್ಮನೇಲಿ ಎಷ್ಟು ಹೊತ್ತು ಕೂತಿದ್ದೆ?”

“ಹೆಚ್ಚೇನಿಲ್ಲ ಸಾಹೇಬ್ರೇ.”

“ಎಷ್ಟು?”

“ಎರಡೂಮುಕ್ಕಾಲು ಗಂಟೆ.”

ಸಭೆಯಿಂದ “ಅಯ್ಯಯ್ಯೋ” ಎಂಬ ದೀರ್ಘ ಉದ್ಗಾರ ಹೊರಟಿತು. ಅದರಲ್ಲಿ ಕ್ಲಿಫರ್ಡನ ಮೇಲಿನ ಕನಿಕರ ಎಷ್ಟಿತ್ತೋ ಸಾಹೇಬರ ಮೇಲಿನದೂ ಅಷ್ಟೇ ಇತ್ತು.

ಫ್ಯಾನ್‌ಶಾ ಎದ್ದು ನಿಂತರು. ಅವರ ಜಾಗದಲ್ಲಿ ಇನ್ನೊಬ್ಬ ಅಧಿಕಾರಿಯಿದ್ದಿದ್ದರೆ ಕಡತದ ಹಿಂದೆ ಅಡಗುತ್ತಿದ್ದ. ಇವರು ತಮ್ಮ ಪುಸ್ತಕ ತೆಗೆದು, ಆ ದಿನದ ಹಾಳೆ ಹುಡುಕಿ, ಗೀಟು ಎಳೆದು ಹೊಡೆದುಹಾಕಿದರು. “ಮೇಜರ್, ನನ್ನ ಟಿಪ್ಪಣಿ ತಪ್ಪು. ಇವರು ಒಪ್ಪಿಗೆ ಕೊಟ್ಟಿಲ್ಲ. ನನ್ನನ್ನ ಮನೆಗೆ ಕಳಿಸಿದ್ರು. ಮೂರು ವಾರ ಊರವರ ಕೈಲಿ ಬೈಸಿಕೊಂಡ್ರೇ ವಿನಾ ನನಗೆ ಬೇಜಾರಾಗುತ್ತೆ ಅಂತ ಅದನ್ನ ಬಾಯಿ ಬಿಡಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನ್ನನ್ನ ಬಹಳ ಜನ ಹೊರಗೆ ಹಾಕಿದ್ದಾರೆ. ಇಷ್ಟು ಮರ್ಯಾದೆಯಿಂದ ಯಾರೂ ಹಾಕಿರಲಿಲ್ಲ.”

“ಕೇಕು ಇನ್ನೊಂದು ಚೂರು ಉಳಿದಿದ್ದಿದ್ರೆ ಖಂಡಿತ ಹಾಗೆ ಹೇಳ್ತಿರಲಿಲ್ಲ ಸಾಹೇಬ್ರೇ,” ಎಂದ ಕ್ಲಿಫರ್ಡ್, ಬಹಳ ನೊಂದುಕೊಂಡು.

ನಗು ಚಾವಣಿಗೆ ಮುಟ್ಟಿತು. ಪಿಕಲ್ಸ್ ಎರಡು ಸಾಲು ಕುರ್ಚಿ ದಾಟಿ ಬಂದು ಗೆಳೆಯನನ್ನು ರೂಬಾರ್ಬ್ ಗೆಡ್ಡೆಯ ಸಮೇತ ತಬ್ಬಿಕೊಂಡ. ಒಬ್ಬ ಯಾರ್ಕ್‌ಷೈರಿನ ಗಂಡಸು ಇನ್ನೊಬ್ಬನನ್ನು ಸಾರ್ವಜನಿಕವಾಗಿ ತಬ್ಬಿಕೊಂಡದ್ದು ಆ ಭವನದ ಇತಿಹಾಸದಲ್ಲಿ ಅದೇ ಮೊದಲು. ಇಬ್ಬರೂ ಕೂಡಲೇ ಬಿಡಿಸಿಕೊಂಡು ಹವೆಯ ವಿಚಾರ ಮಾತಾಡಿದರು.

ಆರು ವಾರದ ಮೇಲೆ ತೀರ್ಪು ಬಂತು. ಒಪ್ಪಿಗೆ ಸಾಬೀತಾಗಿಲ್ಲವೆಂದೂ, ತೋಟಗಳು ಇದ್ದಲ್ಲೇ ಇರತಕ್ಕದ್ದೆಂದೂ ಮೇಜರ್ ಬರೆದಿದ್ದರು. ಕಾರುಗಳಿಗೆ ನಿಲ್ದಾಣದ ಹಿಂದಿನ ಕಲ್ಲಿದ್ದಲಿನ ಅಂಗಳ ಸಿಕ್ಕಿತು. ಅದನ್ನು ಹುಡುಕಿ ತೋರಿಸಿದವರೂ ಫ್ಯಾನ್‌ಶಾ ಸಾಹೇಬರೇ.

ಮೇ ತಿಂಗಳ ಕೊನೆಯ ಶನಿವಾರ ಅವರು ತೋಟದ ಗೇಟಿನ ಹತ್ತಿರ ಬಂದು ನಿಂತರು. ಕಂಕುಳಲ್ಲಿ ನಕ್ಷೆಯಿರಲಿಲ್ಲ. ತಮಗೂ ಒಂದು ತುಂಡು ತೋಟ ಸಿಗಬಹುದೇ ಎಂದು ಸಂಕೋಚದಿಂದ ಕೇಳಿದರು. ಕ್ಲಿಫರ್ಡ್ ಪಟ್ಟಿ ತೆಗೆದು ನೋಡಿ, ಅವರಿಗಿಂತ ಮುಂದೆ ಮೂವತ್ತಾರು ಜನರಿದ್ದಾರೆ, ಯಾರಾದರೂ ಸಾಯಬೇಕು ಇಲ್ಲವೇ ಆಸ್ಟ್ರೇಲಿಯಾಕ್ಕೆ ಹೋಗಬೇಕು, ಸುಮಾರು ಒಂಬತ್ತು ವರ್ಷ ಆದೀತು ಎಂದ. ಸಾಹೇಬರ ಮುಖ ಇಳಿಯಿತು. ಆದರೂ ಹೆಸರು ಬರೆಸಿದರು.

ಪಕ್ಕದ ತುಂಡಿನಲ್ಲಿ ಕಳೆ ಕೀಳುತ್ತಿದ್ದ ಪಿಕಲ್ಸ್ ಸೊಂಟ ಹಿಡಿದು ನೆಟ್ಟಗಾದ. “ಒಂಬತ್ತು ವರ್ಷ ಅಂದ್ರೆ ಈ ಮನುಷ್ಯ ಸವೆದು ಹೋಗ್ತಾನೆ ಕ್ಲಿಫ್. ನನಗೂ ಮೊದಲಿನ ಹಾಗೆ ಬಗ್ಗೋಕಾಗಲ್ಲ. ನಂದರಲ್ಲಿ ಅರ್ಧ ತಗೊಳ್ಳಿ ಸಾಹೇಬ್ರೇ.”

ಫ್ಯಾನ್‌ಶಾ ಸಾಹೇಬರು ಓಡಿಹೋಗಿ ಪಿಕಲ್ಸ್‌ನ ಮಣ್ಣಾದ ಕೈ ಕುಲುಕಿದರು. ಆಮೇಲೆ, “ಯಾವ ಅರ್ಧ?” ಎಂದರು.

“ಆ ಗೋಡೆ ಪಕ್ಕದ್ದು.”

ಗೋಡೆ ಹತ್ತಡಿ ಎತ್ತರವಿತ್ತು, ಅದರ ಬುಡದಲ್ಲಿ ಹಾವಸೆ ದಟ್ಟವಾಗಿತ್ತು. “ಅಲ್ಲಿ ಬಿಸಿಲು ಬರುತ್ತಾ?”

“ಬರದೇ ಏನು? ಜೂನ್‌ನಲ್ಲಿ ಬರುತ್ತೆ.”

“ತಿಂಗಳಿಡೀ?”

ಪಿಕಲ್ಸ್ ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ಯೋಚಿಸಿದ. “ಹೋದ ವರ್ಷ ಒಂದು ಬುಧವಾರ ಬಂದಿತ್ತು,” ಎಂದ.

ಫ್ಯಾನ್‌ಶಾ ಸಾಹೇಬರು ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿದರು, ಅಂಗಿಯ ತೋಳು ಮಡಿಸಿದರು, ಕ್ಲಿಫರ್ಡ್ ಚಾಚಿದ ಸಲಿಕೆಯನ್ನು ತೆಗೆದುಕೊಂಡು ಆ ನೆರಳಿನ ಕಡೆ ನಡೆದರು.